ಖಾಲಿ ಡಬ್ಬಿ ವಾಪಸ್ ಕೊಡಬಾರದು: ಸೇವೆ ಮಾಡಿ ದಣಿದ ಕ್ರೈಸ್ತರಿಗೆ ಒಂದು ಮಾರ್ಗದರ್ಶಿ

ನಮ್ಮ ಕಾರವಾರದ ಕಡೆ ಪಕ್ಕದ ಮನೆಯವರು ಡಬ್ಬಿಯಲ್ಲಿ ಏನಾದರೂ ಕಳಿಸಿದರೆ, ಆ ಡಬ್ಬಿಯನ್ನು ತೊಳೆದು ಸುಮ್ನೆ ವಾಪಸ್ ಕೊಡುವುದಿಲ್ಲ. ಒಂದು ತುಂಡು ಬೆಲ್ಲವೋ, ಹಿತ್ತಲಿನ ನಾಲ್ಕು ಹಸಿಮೆಣಸೋ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯೋ ಹಾಕಿಯೇ ಕೊಡುವುದು. ಹಿಂದೂಗಳ ಮನೆಯಲ್ಲೂ ಹೀಗೇ, ಮುಸ್ಲಿಮರ ಮನೆಯಲ್ಲೂ ಹೀಗೇ, ನಮ್ಮ ಕ್ರೈಸ್ತರ ಮನೆಯಲ್ಲೂ ಹೀಗೇ. "ಖಾಲಿ ಡಬ್ಬಿ ಕೊಡಬಾರದು" ಅಂತ ನನ್ನ ಅಮ್ಮ ಹೇಳುತ್ತಿದ್ದಳು. ಸೇವೆಯ ವಿಷಯದಲ್ಲೂ ಇದೇ ಮಾತು ನಿಜ ಅಂತ ತಿಳಿಯೋಕೆ ನನಗೆ 15 ವರ್ಷ ಬೇಕಾಯಿತು.

ನಿಮ್ಮಲ್ಲಿ ಕೆಲವರು ಕ್ಯಾಟಿಕಿಸಂ (ಧರ್ಮಬೋಧನೆಯ) ಕ್ಲಾಸ್ ತೆಗೆದುಕೊಳ್ಳುತ್ತೀರಿ. ಕೆಲವರು ಕಾಯಿಲೆಯವರ ಮನೆಗೆ ಹೋಗುತ್ತೀರಿ, ಆಸ್ಪತ್ರೆಗೆ ಊಟ ಒಯ್ಯುತ್ತೀರಿ, ಇಗರ್ಜಿಯ ನೆಲ ಒರೆಸುತ್ತೀರಿ, ಹಾಡಿನ ತಂಡ ನಡೆಸುತ್ತೀರಿ. ಶುರುವಿನಲ್ಲಿ ಖುಷಿಯಿಂದಲೇ ಮಾಡುತ್ತಿದ್ದಿರಿ. ಈಗ ಭಾನುವಾರ ಬಂತು ಅಂದರೆ ಎದೆ ಭಾರ. "ಯಾರಿಗಾಗಿ ಇದೆಲ್ಲ?" ಅಂತ ಒಳಗೊಳಗೇ ಕೇಳಿಕೊಳ್ಳುತ್ತೀರಿ. ಹೊರಗೆ ಹೇಳಿದರೆ ಜನ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಿರುತ್ತೀರಿ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಪಾದ್ರಿಯೂ ಅಲ್ಲ, ಸಿಸ್ಟರೂ ಅಲ್ಲ. ಮನೆ ಮನೆಗೆ ಹೋಗಿ ಬರುವ ಒಬ್ಬ ಗೃಹಿಣಿ. ಹೋಗಿ ಬಂದು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ. ಒಂದೇ ಸಲ ಎಲ್ಲ ಮಾಡಬೇಕಂತಿಲ್ಲ. ಆದರೆ ಮೊದಲನೆಯದನ್ನು ಮಾತ್ರ ಬಿಡಬೇಡಿ.

ಮೊದಲು: ದಣಿದದ್ದು ಮೈಯೋ, ಮನಸ್ಸೋ?

2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಮನೆ ಬಿಟ್ಟು ಬಂದವರಿಗೆ ಅಡುಗೆ ಮಾಡುವ ಕಡೆ ನಾನೂ ಇದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ರಾತ್ರಿ ಪಾತ್ರೆ ತೊಳೆದು ಮುಗಿಯುವಾಗ ಹನ್ನೊಂದೂವರೆ. ಆರನೇ ದಿನ ಒಬ್ಬ ಅಜ್ಜ ಎರಡನೇ ಸಲ ಚಹಾ ಕೇಳಿದರು. ನಾನು ಎಲ್ಲರ ಎದುರೇ ಗದರಿಬಿಟ್ಟೆ. "ಇದೇನು ಹೋಟೆಲ್ಲಾ?" ಅಂದೆ. ಅಜ್ಜ ಏನೂ ಹೇಳಲಿಲ್ಲ. ಲೋಟ ಕೆಳಗಿಟ್ಟು ಗೋಡೆ ಕಡೆ ತಿರುಗಿ ಕೂತರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ನಂಬಿಕೆಯೇ ಸುಳ್ಳು, ಸೇವೆಗೆ ನಾನು ಯೋಗ್ಯಳೇ ಅಲ್ಲ, ನಾಳೆಯಿಂದ ಹೋಗಲೇಬಾರದು ಅಂತೆಲ್ಲ ಯೋಚಿಸಿದೆ. ನಿಜ ಹೇಳಬೇಕೆಂದರೆ ನಾನು ಆರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಕೂತು ಒಂದು ಹೊತ್ತು ಉಂಡಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ. ನಾನು ಅದನ್ನು ಆತ್ಮದ ಕಾಯಿಲೆ ಅಂದುಕೊಂಡೆ.

ಮೊದಲನೆಯ ಅರಸುಗಳ ಗ್ರಂಥದ 19ನೇ ಅಧ್ಯಾಯ ತೆಗೆದು ಓದಿ. ಪ್ರವಾದಿ ಎಲೀಯ ಓಡಿ ಓಡಿ ಸೋತು ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಅಂತ ದೇವರನ್ನು ಬೇಡುತ್ತಾನೆ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ಮಲಗಲು ಬಿಟ್ಟರು. ದೂತ ಬಂದು ತಟ್ಟಿ ಎಬ್ಬಿಸಿದ. ನೋಡಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ಉಣಿಸಿದ, ದಾರಿ ದೂರ ಇದೆ ಅಂದ. ದೇವರು ಅವನ ಜೊತೆ ಮಾತಾಡಿದ್ದು ಆಮೇಲೆ, ಬೆಟ್ಟದ ಮೇಲೆ. ಮೊದಲು ಊಟ, ನಿದ್ದೆ. ಮತ್ತೆ ಊಟ. ಆಮೇಲೆ ಮಾತು.

ಹಾಗಾಗಿ ಸೇವೆ ಬಿಟ್ಟುಬಿಡಬೇಕು ಅನ್ನಿಸಿದಾಗ ನೀವೂ ಹೀಗೆ ಮಾಡಿ. ರಾತ್ರಿ ಹೊತ್ತು ತೀರ್ಮಾನ ಮಾಡಬೇಡಿ. ಎರಡು ರಾತ್ರಿ ಪೂರ್ತಿ ನಿದ್ದೆ ಮಾಡಿ. ಎರಡು ದಿನ ಮೂರು ಹೊತ್ತೂ ಕೂತು ಉಣ್ಣಿ, ನಿಂತುಕೊಂಡು ಅಲ್ಲ. ಮೂರನೇ ದಿನ ಬೆಳಿಗ್ಗೆ ಅದೇ ಪ್ರಶ್ನೆ ಮತ್ತೆ ಕೇಳಿಕೊಳ್ಳಿ. ಎಷ್ಟೋ ಸಲ ಉತ್ತರ ಬದಲಾಗಿರುತ್ತದೆ.

ಎರಡು ವಾರ ಕಳೆದರೂ ನಿದ್ದೆ, ಹಸಿವು ಸರಿಯಾಗದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಇಂಥ ಲೇಖನ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ, ಆಗಲೇ ಫೋನ್ ಮಾಡಿ. ಪ್ರಾರ್ಥನೆ ಮಾಡುವವರು ಮಾತ್ರೆ ತೆಗೆದುಕೊಳ್ಳಬಾರದು ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಆ ಮಾತು ಕೇಳಬೇಡಿ.

ಆ ಅಜ್ಜನ ಕಥೆ ಅರ್ಧಕ್ಕೇ ನಿಂತಿತು ಅಲ್ವಾ? ಮರುದಿನ ಅವರ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, "ನೀನು ಚಹಾ ಕುಡಿದ್ಯಾ?" ಅಂತ ಕೇಳಿದರು.

ಎರಡನೆಯದು: ಕಾಗದದ ಮೇಲೆ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ನೀವು ಈಗ ಒಪ್ಪಿಕೊಂಡಿರುವ ಎಲ್ಲ ಕೆಲಸ ಬರೆಯಿರಿ. ಚಿಕ್ಕದನ್ನೂ ಬಿಡಬೇಡಿ. ಹೂವು ತರುವುದು, ವಾಟ್ಸ್ಯಾಪ್‌ನಲ್ಲಿ ಸುದ್ದಿ ಹಾಕುವುದು, ಯಾರನ್ನೋ ಬಸ್‌ಸ್ಟ್ಯಾಂಡಿಗೆ ಬಿಡುವುದು, ಎಲ್ಲ. ನಾನು ಬರೆದಾಗ 11 ಬಂತು. ಅದರಲ್ಲಿ ನಾನೇ ಕೇಳಿಕೊಂಡು ಹೋಗಿ ಮಾಡಿದ್ದು ಮೂರು. ಉಳಿದದ್ದೆಲ್ಲ "ಇಲ್ಲ" ಅನ್ನೋಕೆ ಬಾಯಿ ಬಾರದೆ ಹೆಗಲಿಗೆ ಬಿದ್ದದ್ದು.

ಮೋಶೆಯ ಮಾವ ಇತ್ರೋ ಬಂದಾಗ ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಇತ್ರೋ ನೋಡಿ, ನೀನು ಮಾಡುವುದು ಸರಿಯಲ್ಲ, ನೀನೂ ಸವೆದುಹೋಗುತ್ತೀಯ, ಈ ಜನರೂ ಸವೆದುಹೋಗುತ್ತಾರೆ ಅಂದ. ಇದು ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿದೆ. ಜನರೂ ಸವೆಯುತ್ತಾರೆ ಅನ್ನುವ ಮಾತನ್ನು ಗಮನಿಸಿ. ನಾವು ಒಬ್ಬರೇ ಎಲ್ಲ ಮಾಡಲು ಹೋದರೆ ಕಾಯುವವರಿಗೂ ಕಷ್ಟ. ಇತ್ರೋ ಹೇಳಿಕೊಟ್ಟ ಉಪಾಯ ಹಂಚುವುದು. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ.

ನಿಮ್ಮ ಪಟ್ಟಿಯಲ್ಲಿ ಒಂದೋ ಎರಡೋ ಕೆಲಸಕ್ಕೆ ಗುರುತು ಹಾಕಿ, ಅದನ್ನು ಚೆನ್ನಾಗಿ ಮಾಡಿ. ಉಳಿದದ್ದನ್ನು ಒಂದೇ ದಿನ ಕೈಬಿಡಬೇಡಿ, ಅದು ಸರಿಯಲ್ಲ. ಬೇರೆಯವರು ಸಿಗುವವರೆಗೆ ಒಂದು ತಿಂಗಳು ಸಮಯ ಕೊಡಿ. "ಇಲ್ಲ" ಅನ್ನಲು ಕಷ್ಟವಾದರೆ ಈ ಮಾತು ಬಾಯಿಪಾಠ ಮಾಡಿಕೊಳ್ಳಿ: "ಫಾದರ್, ಈ ಸಲ ನನ್ನಿಂದ ಆಗೋದಿಲ್ಲ. ಬೇರೆ ಯಾರನ್ನಾದರೂ ಕೇಳೋಣ, ನಾನೂ ಹುಡುಕ್ತೇನೆ." ಇಷ್ಟು ಸಾಕು. ಕಾರಣಗಳ ಉದ್ದ ಪಟ್ಟಿ ಹೇಳಬೇಡಿ. ಕಾರಣ ಜಾಸ್ತಿ ಆದಷ್ಟೂ ಒಪ್ಪಿಸುವುದು ಸುಲಭ ಆಗುತ್ತದೆ.

ಮಳೆಗಾಲಕ್ಕೆ ಪಟ್ಟಿ ಇನ್ನೂ ಚಿಕ್ಕದಾಗಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನ ಬೋಟುಗಳೆಲ್ಲ ನಿಂತಿರುತ್ತವೆ, ಮನೆಗಳಲ್ಲಿ ದುಡ್ಡು ಇರುವುದಿಲ್ಲ, ಜ್ವರ ಜಾಸ್ತಿ, ರಸ್ತೆ ಕೆಟ್ಟಿರುತ್ತದೆ. ಕೇಳುವವರು ಹೆಚ್ಚು, ಹೋಗುವ ದಾರಿ ಕಷ್ಟ. ಆ ಎರಡು ತಿಂಗಳು ಹೊಸ ಕೆಲಸ ಒಪ್ಪಿಕೊಳ್ಳದೆ ಹಳೆಯ ಮನೆಗಳಿಗೆ ಮಾತ್ರ ಹೋಗುವುದು ನನ್ನ ಲೆಕ್ಕ.

ಮೂರನೆಯದು: ಒಬ್ಬರೇ ಹೋಗಬೇಡಿ

ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸುತ್ತಾರೆ. ಅದೇ ಅಧ್ಯಾಯದಲ್ಲಿ, ಅವರು ತಿರುಗಿ ಬಂದಾಗ, ಊಟಕ್ಕೂ ಬಿಡುವಿಲ್ಲದ್ದನ್ನು ನೋಡಿ, ಬನ್ನಿ, ಏಕಾಂತಕ್ಕೆ ಹೋಗಿ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಅನ್ನುತ್ತಾರೆ. ಅದೇ ಅಧ್ಯಾಯದಲ್ಲೇ ಐದು ರೊಟ್ಟಿ, ಎರಡು ಮೀನು. ಸೇವೆ ಮಾಡುವವರು ಆ ಒಂದು ಅಧ್ಯಾಯವನ್ನು ವರ್ಷಕ್ಕೆ ನಾಲ್ಕು ಸಲವಾದರೂ ಓದಬೇಕು ಅಂತ ನನಗೆ ಅನ್ನಿಸುತ್ತದೆ.

1833ರಲ್ಲಿ ಪ್ಯಾರಿಸ್‌ನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡ್ರಿಕ್ ಓಜನಾಂ ಮತ್ತು ಅವನ ಗೆಳೆಯರು ಬಡವರ ಮನೆಗೆ ಹೋಗಲು ಶುರುಮಾಡಿದರು. ಅದೇ ಮುಂದೆ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಆಯಿತು. ಮನೆ ಭೇಟಿಗೆ ಇಬ್ಬರಾಗಿ ಹೋಗುವುದು ಆ ಸಭೆಯ ಹಳೆಯ ರೂಢಿ. ಇದರಲ್ಲಿ ಬಹಳ ಜಾಣತನ ಇದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮನೆಯಲ್ಲಿ ಏನಿಲ್ಲ ಅಂತ ನೋಡಬಹುದು. ಒಬ್ಬರಿಗೆ ಹುಷಾರಿಲ್ಲದ ದಿನ ಕೆಲಸ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ವಾಪಸ್ ಬರುವ ದಾರಿಯಲ್ಲಿ ಮಾತಾಡಲು ಒಬ್ಬರಿರುತ್ತಾರೆ. ಕಂಡ ಕಷ್ಟವನ್ನು ಮನೆಯವರೆಗೆ ಒಬ್ಬರೇ ಹೊತ್ತು ತರಬೇಕಾಗಿಲ್ಲ.

ನಮ್ಮ ಕಡೆ ದೊಡ್ಡ ಕಾಯಿಲೆ ಬಂದರೆ ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಓಡಬೇಕು. ಅಂಥ ಹೊತ್ತಿನಲ್ಲಿ ಇಬ್ಬರೂ ಸಾಲುವುದಿಲ್ಲ. ನಾಲ್ಕು ಜನ ಹಂಚಿಕೊಳ್ಳಿ. ರೋಗಿಯ ಜೊತೆ ಒಬ್ಬರು ಹೋಗಲಿ. ಮನೆಯಲ್ಲಿ ಉಳಿದ ಮಕ್ಕಳನ್ನು, ಮುದುಕರನ್ನು ಒಬ್ಬರು ನೋಡಿಕೊಳ್ಳಲಿ. ಫೋನ್ ಎತ್ತುವುದು, ನೆಂಟರಿಗೆ ಸುದ್ದಿ ಹೇಳುವುದು ಒಬ್ಬರಿಗೆ. ನಾಲ್ಕನೆಯವರು ಎರಡು ದಿನ ಬಿಟ್ಟು ಬದಲಿಗೆ ಹೋಗಲು ತಯಾರಿರಲಿ. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್, ಹಳೆಯ ಚೀಟಿಗಳು, ಚಾರ್ಜರ್, ಒಂದು ಹೊದಿಕೆ, ಇಷ್ಟನ್ನು ಒಂದೇ ಚೀಲದಲ್ಲಿ ಇಡಿ. ಹೀಗೆ ಮಾಡಿದ ಮೇಲೆ ನಮ್ಮಲ್ಲಿ ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ ಬಂದು ಹಾಸಿಗೆ ಹಿಡಿದವರಿಲ್ಲ.

ಸಮುದ್ರದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದ್ದೀರಾ? ಹಗ್ಗದ ಎರಡೂ ತುದಿಗೆ ಸಾಲಾಗಿ ಜನ ನಿಂತು ಹಿಂದೆ ಹಿಂದೆ ಸರಿಯುತ್ತಾ ಎಳೆಯುತ್ತಾರೆ. ಯಾವ ಒಬ್ಬರಿಂದಲೂ ಆಗುವ ಕೆಲಸ ಅಲ್ಲ. ದಾರಿಹೋಕರು ಬಂದು ಕೈ ಹಾಕಿದರೂ ಕೊನೆಗೆ ನಾಲ್ಕು ಬಂಗಡೆ ಕೊಟ್ಟು ಕಳಿಸುತ್ತಾರೆ. ಎಳೆದವರು ಬರಿಗೈಯಲ್ಲಿ ಹೋಗಬಾರದು. ಅಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ.

ನಾಲ್ಕನೆಯದು: ಕೂತುಕೊಳ್ಳಿ, ಕೊಟ್ಟದ್ದನ್ನು ತೆಗೆದುಕೊಳ್ಳಿ

ಕೋಡಿಬಾಗದ ಕಡೆ ಒಬ್ಬ ಅಜ್ಜಿ ಇದ್ದರು. ನಲವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಬಿದ್ದು ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದರು. ಪ್ರತಿ ಗುರುವಾರ ನಾನು ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ ಒಯ್ಯುತ್ತಿದ್ದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಮಧ್ಯಾಹ್ನ ಅಜ್ಜಿ ಒಬ್ಬರೇ.

ನಾನು ಹೋಗುವುದು ಗಡಿಬಿಡಿಯಲ್ಲಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗಂಜಿ ಬಡಿಸಿ, ಒಂದು ಪ್ರಾರ್ಥನೆ ಹೇಳಿ, ಕಳೆದ ವಾರದ ಡಬ್ಬಿ ತೆಗೆದುಕೊಂಡು ಹೊರಡುವುದು. ಆ ಡಬ್ಬಿಯಲ್ಲಿ ಅಜ್ಜಿ ಯಾವಾಗಲೂ ಏನೋ ಹಾಕಿಸಿ ಇಟ್ಟಿರುತ್ತಿದ್ದರು. ಒಂದು ವಾರ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ. ಒಂದು ವಾರ ಅಬ್ಬಲಿಗೆ (ಕನಕಾಂಬರ) ದಂಡೆ. ಮಲಗಿದಲ್ಲೇ ಬಾಳೆನಾರಿನಲ್ಲಿ ಕಟ್ಟಿದ್ದು. ಈಳಿಗೆಯ ಗಾಯದ ಗುರುತುಗಳಿದ್ದ ಆ ದಪ್ಪ ಬೆರಳುಗಳು ಅಷ್ಟು ಚಿಕ್ಕ ಹೂವನ್ನು ಒಂದರ ಪಕ್ಕ ಒಂದು ಹೇಗೆ ಕೂರಿಸುತ್ತಿದ್ದವೋ! ನಾನು ಪ್ರತಿ ಸಲವೂ ಅದನ್ನು ತೆಗೆದು ಅಲ್ಲೇ ಇಟ್ಟು ಬರುತ್ತಿದ್ದೆ. "ಬೇಡ ಅಜ್ಜಿ, ನಿಮಗೇ ಬೇಕಾಗ್ತದೆ" ಅಂತ. ನಾನು ಒಳ್ಳೆಯವಳು ಅಂತ ನನಗೆ ಅನ್ನಿಸುತ್ತಿತ್ತು. ಬಡವರ ಮನೆಯಿಂದ ಏನೂ ತರಬಾರದು ಅನ್ನುವುದು ನನ್ನ ನಿಯಮ.

ಒಂದು ಜುಲೈ ತಿಂಗಳು, ಜೋರು ಮಳೆ. ನಾನು ಆ ವಾರವೇ ಇದನ್ನೆಲ್ಲ ನಿಲ್ಲಿಸಬೇಕು ಅಂತ ಮನಸ್ಸು ಮಾಡಿದ್ದೆ. ಎಂದಿನಂತೆ ಡಬ್ಬಿಯಿಂದ ಮುರುಗಲು ತೆಗೆದು ಕಿಟಕಿ ಕಟ್ಟೆಯ ಮೇಲಿಟ್ಟೆ. ಅಜ್ಜಿ ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: "ನಿನ್ನ ಗಂಜಿ ನಾನು ಉಂಡೆ. ನನ್ನ ಮುರುಗಲು ನಿನಗೆ ಯಾಕೆ ಬೇಡ? ನಾನೇನು ಭಿಕ್ಷೆ ತಗೊಳ್ತಾ ಇದ್ದೇನಾ?"

ನನಗೆ ಉತ್ತರ ಹೊಳೆಯಲಿಲ್ಲ. ಛತ್ರಿ ಮೂಲೆಗಿಟ್ಟು ಅವರ ಮಂಚದ ಪಕ್ಕ ನೆಲದ ಮೇಲೆ ಕೂತೆ. ಎರಡು ವರ್ಷದಲ್ಲಿ ಆ ಮನೆಯಲ್ಲಿ ಕೂತದ್ದು ಅದೇ ಮೊದಲು. ಅವರು ಮುರುಗಲು ಒಣಗಿಸುವುದು ಹೇಗೆ, ಎಷ್ಟು ಬಿಸಿಲು ಬೇಕು, ಯಾವ ಮರದ್ದು ಚೆನ್ನ ಅಂತ ಅರ್ಧ ಗಂಟೆ ಹೇಳಿದರು. ರಾತ್ರಿ ಆ ಸಿಪ್ಪೆ ಹಾಕಿ ಸಾರು ಮಾಡಿ ಮನೆಯವರೆಲ್ಲ ಉಂಡೆವು. ಪವಾಡ ಏನೂ ಆಗಲಿಲ್ಲ. ಮುಂದಿನ ಗುರುವಾರ ಹೊರಡುವಾಗ ಕಾಲು ಭಾರ ಅನ್ನಿಸಲಿಲ್ಲ, ಅಷ್ಟೇ.

ಆಮೇಲೆ ನಾನು ಶುಭಸಂದೇಶಗಳನ್ನು ಈ ಕಣ್ಣಿನಿಂದ ಓದತೊಡಗಿದೆ. ಯೇಸುಸ್ವಾಮಿ ಸಮಾರಿಯದ ಹೆಂಗಸಿನ ಹತ್ತಿರ ಮಾತು ಶುರುಮಾಡಿದ್ದೇ ಕುಡಿಯಲು ನೀರು ಕೇಳಿ. ಶಿಷ್ಯರನ್ನು ಕಳಿಸುವಾಗ, ಹೋದ ಮನೆಯಲ್ಲಿ ಕೊಟ್ಟದ್ದನ್ನು ತಿಂದು ಕುಡಿದು ಅಲ್ಲೇ ಇರಿ ಅಂದರು, ಲೂಕ 10ನೇ ಅಧ್ಯಾಯ. ಪುನರುತ್ಥಾನದ ನಂತರ ದಡದಲ್ಲಿ ಕೆಂಡ ಹೊತ್ತಿಸಿ ಮೀನು, ರೊಟ್ಟಿ ತಯಾರಿಟ್ಟಿದ್ದರೂ, ನೀವು ಈಗ ಹಿಡಿದ ಮೀನಿನಲ್ಲೂ ಕೆಲವು ತನ್ನಿ ಅಂದರು. ಅವರಿಗೆ ಮೀನು ಸಾಲದೇ ಹೋಗಿತ್ತೇ?

ಯೇಸು ಶಿಷ್ಯರ ಪಾದ ತೊಳೆದ ಕಥೆಯನ್ನಂತೂ ಪವಿತ್ರ ಗುರುವಾರ ನಾವೆಲ್ಲ ಕೇಳುತ್ತೇವೆ, ಯೊವಾನ್ನ 13ನೇ ಅಧ್ಯಾಯ. ಒಂದು ಪುಟ ಹಿಂದಕ್ಕೆ ತಿರುಗಿಸಿ 12ನೇ ಅಧ್ಯಾಯ ನೋಡಿ. ಅಲ್ಲಿ ಬೆಥಾನಿಯದ ಮರಿಯ ಬೆಲೆಬಾಳುವ ಸುಗಂಧ ತೈಲ ತಂದು ಯೇಸುವಿನ ಪಾದಕ್ಕೆ ಹಚ್ಚಿ ತನ್ನ ಕೂದಲಿನಿಂದ ಒರೆಸುತ್ತಾಳೆ. ದುಂದು ಅಂತ ಯೂದ ಗೊಣಗುತ್ತಾನೆ. ಯೇಸು ಅವಳನ್ನು ತಡೆಯಬೇಡ ಅನ್ನುತ್ತಾರೆ. ಶಿಷ್ಯರ ಪಾದ ತೊಳೆಯುವ ಕೆಲವೇ ದಿನ ಮೊದಲು ಅವರು ತಮ್ಮ ಪಾದವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದ್ದರು. ಶಿಷ್ಯ ಪೇತ್ರನಿಗೆ ಆಗದೇ ಹೋದದ್ದು ಅದೇ. ನನ್ನ ಪಾದ ನೀವು ಎಂದಿಗೂ ತೊಳೆಯಬಾರದು ಅಂದ. ಪ್ರೀತಿಯಿಂದಲೇ ಅಂದ, ಪಾಪ. ಹಾಗಾದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅನ್ನುವ ಉತ್ತರ ಬಂತು. ಕಿಟಕಿ ಕಟ್ಟೆಯ ಮೇಲೆ ಮುರುಗಲು ಇಡುತ್ತಿದ್ದ ನನಗೆ ಪೇತ್ರನ ಮೇಲೆ ಈಗ ತುಂಬಾ ಅಕ್ಕರೆ.

ಇದನ್ನು ಮಾಡುವುದು ಹೇಗೆ? ಹೋದ ಮನೆಯಲ್ಲಿ ಮೊದಲು ಕೂತುಕೊಳ್ಳಿ, ಚೀಲ ಕೆಳಗಿಡಿ. ಹೆಗಲಲ್ಲಿ ಚೀಲ ಇರುವವರೆಗೆ ಎದುರಿಗಿರುವವರಿಗೆ ನೀವು ಹೊರಟವರೇ. ಹತ್ತು ನಿಮಿಷ ಸಾಕು. ಚಹಾ ಕೊಟ್ಟರೆ ಕುಡಿಯಿರಿ, ಸಕ್ಕರೆ ಕಾಯಿಲೆ ಇದ್ದರೆ "ಸಕ್ಕರೆ ಹಾಕ್ಬೇಡಿ" ಅನ್ನಿ, "ಚಹಾನೇ ಬೇಡ" ಅನ್ನಬೇಡಿ. ಅವರಿಗೆ ಗೊತ್ತಿರುವ ಏನನ್ನಾದರೂ ಕೇಳಿ ಕಲಿಯಿರಿ. ಅಡುಗೆ, ಹಳೆಯ ಹಾಡು, ಬಲೆಯ ಗಂಟು, ಊರಿನ ಸಂಗತಿ, ಏನಾದರೂ. ಹೊರಡುವಾಗ ನಿಮ್ಮ ಮನೆಯ ಒಂದು ನಿಜವಾದ ಕಷ್ಟ ಹೇಳಿ, "ನನಗೋಸ್ಕರ ಪ್ರಾರ್ಥನೆ ಮಾಡ್ತೀರಾ?" ಅಂತ ಕೇಳಿ. ಸುಮ್ನೆ ಮಾತಿಗೆ ಅಲ್ಲ. ಮುಂದಿನ ಸಲ ಅವರೇ ವಿಚಾರಿಸುತ್ತಾರೆ, ನೋಡಿ. ನನ್ನ ಮಗನ ಪರೀಕ್ಷೆ ಯಾವ ತಾರೀಖಿಗೆ ಅಂತ ನನಗಿಂತ ಚೆನ್ನಾಗಿ ಅಜ್ಜಿಗೆ ನೆನಪಿರುತ್ತಿತ್ತು. ಮಾತು ನಿಂತುಹೋದವರ ಹತ್ತಿರ ಕೈ ಹಿಡಿದು ಕೂರಿ, ಅವರೇ ಬಿಡುವವರೆಗೆ ನೀವು ಬಿಡಬೇಡಿ.

ಒಂದೆರಡು ಎಚ್ಚರಿಕೆ ಮಾತ್ರ. ದುಡ್ಡು ತೆಗೆದುಕೊಳ್ಳಬೇಡಿ. ಅವರ ಮಕ್ಕಳ ಬಾಯಿಂದ ತೆಗೆದು ನಿಮಗೆ ಕೊಡುತ್ತಿದ್ದಾರೆ ಅನ್ನಿಸಿದರೆ ಒಂದು ತುತ್ತು ಅಲ್ಲೇ ತಿಂದು ಉಳಿದದ್ದನ್ನು ಮಕ್ಕಳಿಗೇ ಹಂಚಿ. ಮತ್ತೆ, ಕೊಡಲಿ ಅಂತ ಕಾಯುತ್ತಾ ಕೂರಬೇಡಿ. ಕೆಲವು ಮನೆಗಳಲ್ಲಿ ಕೋಪ ಬಿಟ್ಟು ಬೇರೇನೂ ಸಿಗುವುದಿಲ್ಲ, ನೋವು ಜನರನ್ನು ಹಾಗೆ ಮಾಡುತ್ತದೆ. ಆ ಮನೆಗಳಿಗೆ ಜೊತೆಗಾರರಿಲ್ಲದೆ ಹೋಗಲೇಬೇಡಿ.

ಐದನೆಯದು: ಎರಡು ಸಾಲು ಬರೆದಿಡಿ

ಒಂದು ಚಿಕ್ಕ ನೋಟ್‌ಬುಕ್. ಹೋಗಿ ಬಂದ ದಿನ ಎರಡು ಸಾಲು. ನೀವು ಏನು ಮಾಡಿದಿರಿ ಅಂತ ಬರೆಯಬೇಡಿ, ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಮತ್ತಾಯನ ಶುಭಸಂದೇಶದಲ್ಲಿ ಓದಿದ್ದೇವಲ್ಲ. ನಿಮಗೆ ಏನು ಸಿಕ್ಕಿತು ಅಂತ ಬರೆಯಿರಿ. "ಇವತ್ತು ಮುರುಗಲು. ಇವತ್ತು ಒಂದು ನಗು. ಇವತ್ತು ಏನೂ ಇಲ್ಲ." ಏನೂ ಇಲ್ಲದ ದಿನವನ್ನೂ ಬರೆಯಿರಿ, ಸುಳ್ಳು ಬೇಡ. ಆರು ತಿಂಗಳ ನಂತರ ಬೇಸರದ ದಿನ ತೆಗೆದು ಓದಿ. ಆಗ ಹಿಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯದ 10ನೇ ವಚನವನ್ನೂ ಓದಿ. ನೀವು ಮಾಡಿದ ಸೇವೆಯನ್ನು ಮರೆತುಬಿಡಲು ದೇವರು ಅನ್ಯಾಯಗಾರರಲ್ಲ ಅಂತ ಅಲ್ಲಿದೆ. ಲೆಕ್ಕ ಇಡುವ ಕೆಲಸ ಅವರದ್ದು ಅಂತ ಗೊತ್ತಾದರೆ ನಮಗೆ ಹಗುರ.

ಆರನೆಯದು: ನೋವಾದರೆ ಯಾರಿಗಾದರೂ ಹೇಳಿ

ನಾನು ಒಂದು ವರ್ಷ ಪೂರ್ತಿ ನೋಡಿಕೊಂಡ ಒಬ್ಬ ಹಿರಿಯರು ತೀರಿಕೊಂಡರು. ಏಳನೇ ದಿನದ ಊಟದಲ್ಲಿ ಮನೆಯವರು ಎಲ್ಲರಿಗೂ ಧನ್ಯವಾದ ಹೇಳಿದರು. ಡಾಕ್ಟರಿಗೆ, ಪಾದ್ರಿಗೆ, ಶಾಮಿಯಾನ ಹಾಕಿದವರಿಗೂ ಹೇಳಿದರು. ನನ್ನ ಹೆಸರು ಬರಲಿಲ್ಲ. ಧನ್ಯವಾದಕ್ಕಾಗಿ ಮಾಡಿದ್ದಲ್ಲ ಅಂತ ನನಗೆ ನಾನೇ ನೂರು ಸಲ ಹೇಳಿಕೊಂಡೆ. ಆದರೂ ನೋವಾಯಿತು. ನಾಲ್ಕು ತಿಂಗಳು ಯಾರ ಮನೆಗೂ ಹೋಗಲಿಲ್ಲ.

ಈಗ ತಿಳಿಯುತ್ತದೆ, ತಪ್ಪಿದ್ದು ನೋವಿನಲ್ಲಲ್ಲ, ಅದನ್ನು ಮುಚ್ಚಿಟ್ಟದ್ದರಲ್ಲಿ. ಹತ್ತು ಜನ ಕುಷ್ಠರೋಗಿಗಳು ಗುಣವಾಗಿ, ಒಬ್ಬ ಮಾತ್ರ ತಿರುಗಿ ಬಂದಾಗ, ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸುವೇ ಕೇಳಿದರು. ಅವರೇ ಕೇಳಿದ ಪ್ರಶ್ನೆಯನ್ನು ನಾವು ಕೇಳಿದರೆ ಪಾಪ ಆಗುವುದಿಲ್ಲ. ಕೇಳಬೇಕಾದದ್ದು ಸರಿಯಾದ ಕಿವಿಯಲ್ಲಿ.

ಸಂತ ದಾಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಕುಷ್ಠರೋಗಿಗಳ ಸೇವೆಗೆ ಹೋದರು. ಅದೇ ರೋಗ ಅವರಿಗೂ ಹತ್ತಿ 1889ರಲ್ಲಿ ತೀರಿಕೊಂಡರು. ಅಲ್ಲಿ ಅವರನ್ನು ಬಹಳ ಕಾಡಿದ್ದು, ಹೇಳಿಕೊಳ್ಳಲು ಇನ್ನೊಬ್ಬ ಪಾದ್ರಿ ಇಲ್ಲದ್ದು. ಒಮ್ಮೆ ಅವರ ಸಂಘದ ಹಿರಿಯ ಪಾದ್ರಿ ಹಡಗಿನಲ್ಲಿ ಬಂದಾಗ ಇಳಿಯಲು ಅನುಮತಿ ಸಿಗಲಿಲ್ಲ. ದಾಮಿಯನ್ ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಕೆಳಗಿನಿಂದಲೇ ಕೂಗಿ ತಮ್ಮ ಪಾಪನಿವೇದನೆ ಮಾಡಿದರು, ಎಲ್ಲರಿಗೂ ಕೇಳಿಸುವ ಹಾಗೆ. ಸಂತರಿಗೇ ಅಷ್ಟು ಬೇಕಾಗಿತ್ತು ಅಂದರೆ ನಮಗೆ?

ನಿಮ್ಮ ಮಾತು ಕೇಳುವ ಒಬ್ಬರನ್ನು ಆರಿಸಿಕೊಳ್ಳಿ. ಅವರು ನಿಮ್ಮ ತಂಡದವರಾಗಿರದಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೇಳಿದ್ದು ಚಾಡಿ ಆಗುತ್ತದೆ. ತಿಂಗಳಿಗೊಮ್ಮೆ ಭೇಟಿ. ನೋವಾದ ಮಾತನ್ನು ಒಮ್ಮೆ ಪೂರ್ತಿ ಹೇಳಿ, ಆಮೇಲೆ ಕೀರ್ತನೆಗಳಲ್ಲಿ 13ನೆಯದನ್ನು ಇಬ್ಬರೂ ಸೇರಿ ಓದಿ. ಆರೇ ವಚನ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀರಿ ಅಂತ ದೇವರನ್ನೇ ಕೇಳುವುದರಿಂದ ಶುರುವಾಗಿ ಹಾಡುವುದರಲ್ಲಿ ಮುಗಿಯುತ್ತದೆ. ಹಾಡುವ ಸಾಲು ಬಾಯಿಗೆ ಬಾರದ ದಿನ ಅರ್ಧಕ್ಕೇ ನಿಲ್ಲಿಸಿ. ಉಳಿದರ್ಧವನ್ನು ಜೊತೆಯವರು ಓದಲಿ.

ಇನ್ನೊಂದು: ನಿಮಗೆ ಬೇಕಾದದ್ದನ್ನು ಬೇರೆಯವರಿಗೆ ಕೊಟ್ಟು ನೋಡಿ

ಪೌಲ ರೋಮನರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಜನ ಬರೀ ಹೆಸರುಗಳು ಅಂತ ಬಿಟ್ಟುಬಿಡುತ್ತಾರೆ. ನನಗೆ ಅದು ಬಹಳ ಇಷ್ಟ. ಒಬ್ಬೊಬ್ಬರ ಹೆಸರು ಹಿಡಿದು, ಅವರು ಏನು ಮಾಡಿದರು ಅಂತ ಹೇಳಿ ವಂದಿಸುತ್ತಾನೆ.ಫೀಬೆ ಅನೇಕರಿಗೆ ನೆರವಾದವಳು. ಪೆರ್ಸಿಸ್ ಬಹಳ ದುಡಿದವಳು. ರೂಫನ ತಾಯಿ ನನಗೂ ತಾಯಿಯೇ ಅನ್ನುತ್ತಾನೆ. ಅಷ್ಟು ದೊಡ್ಡ ಪ್ರೇಷಿತನಿಗೂ ಯಾರದ್ದೋ ಅಮ್ಮ ಊಟ ಹಾಕಿರಬೇಕು, ಅವನು ಬೇಡ ಅನ್ನದೆ ಉಂಡಿರಬೇಕು.

ವಾರಕ್ಕೆ ಒಬ್ಬರಿಗೆ ಹೀಗೆ ಹೇಳಿ. "ನೀವು ತುಂಬಾ ಒಳ್ಳೆ ಕೆಲಸ ಮಾಡ್ತೀರಿ" ಅಂದರೆ ಅದು ಎಲ್ಲರಿಗೂ ಹೇಳುವ ಮಾತು. ಅವರು ಮಾಡಿದ ಒಂದೇ ಒಂದು ಸಂಗತಿಯನ್ನು ಹೆಸರಿಸಿ. ವೇದಿಕೆ ಮೇಲೆ ಬೇಡ, ಬಾಗಿಲ ಹತ್ತಿರ ನಿಲ್ಲಿಸಿ ಹೇಳಿ, ಇಲ್ಲವೇ ಫೋನ್ ಮಾಡಿ. ಯಾರೂ ನೋಡದ ಕೆಲಸ ಮಾಡುವವರಿಂದ ಶುರುಮಾಡಿ. ಬೆಂಚು ಒರೆಸುವವರು, ಚಪ್ಪಲಿ ಸರಿ ಮಾಡಿಡುವ ಹುಡುಗ, ಮೈಕಿನ ವೈರು ಸುತ್ತಿಡುವವರು.

ನಮ್ಮಲ್ಲಿ ಬೆಳಿಗ್ಗೆ ಆರಕ್ಕೆ ಇಗರ್ಜಿಯ ಗಂಟೆ ಬಾರಿಸುವ ಒಬ್ಬರು ಹಿರಿಯರಿದ್ದಾರೆ. ಎಷ್ಟೋ ವರ್ಷದಿಂದ ಬಾರಿಸುತ್ತಿದ್ದಾರೆ, ನಾನು ಒಂದು ದಿನವೂ ಅವರನ್ನು ಮಾತಾಡಿಸಿರಲಿಲ್ಲ. ಹೋದ ತಿಂಗಳು ಪೂಜೆ ಮುಗಿದ ಮೇಲೆ ಹೋಗಿ, "ಅಂಕಲ್, ನಿಮ್ಮ ಗಂಟೆ ಕೇಳಿದ ಮೇಲೇ ನಾನು ಒಲೆ ಹಚ್ಚೋದು" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಇವತ್ತು ಎರಡು ನಿಮಿಷ ತಡ ಆಗಿತ್ತು. ನಿಂಗೆ ಗೊತ್ತಾಯ್ತಾ?"